ಮಾವನವರ ಕಂಡೆನ್ಸರ್, ಅತ್ತೆಯ ಗುಂಯ್

ನಮ್ಮ ಮಾವನವರ ಪ್ರಕಾರ ಈ ಲೋಕದಲ್ಲಿ ಇರುವುದು ಒಂದೇ ಕಾಯಿಲೆ: ಕಂಡೆನ್ಸರ್ ಹೋಗಿರುವುದು. ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಹಳೆಯ ಮೋಟರು ಕೆಮ್ಮಿ ನಿಂತರೆ ಕಂಡೆನ್ಸರ್. ಎದುರು ಮನೆಯ ಫ್ಯಾನು ತಿರುಗದಿದ್ದರೆ ಕಂಡೆನ್ಸರ್. ಇವೆರಡರಲ್ಲಿ ಅವರು ಹೇಳಿದ್ದೇ ನಿಜವಾಗಿಬಿಟ್ಟಿತ್ತು, ತೊಂದರೆ ಶುರುವಾದದ್ದೇ ಅಲ್ಲಿ. ಎರಡು ಸಲ ನಿಜವಾದ ಮೇಲೆ ಅವರನ್ನು ಹಿಡಿಯುವವರು ಯಾರು? ನಮ್ಮ ಮನೆಯವರು ಊಟವಾದ ಮೇಲೆ ಹೊಟ್ಟೆ ಗುಡುಗುಡು ಎನ್ನುತ್ತದೆ ಎಂದರೆ, ಮಗನ ಮುಖವನ್ನೂ ನೋಡದೆ "ದೊಡ್ಡ ಕಂಡೆನ್ಸರ್ ಒಣಗೇತಿ" ಎನ್ನುತ್ತಿದ್ದರು. ನಾನು ಮದುವೆಯಾಗಿ ಬಂದ ಮೂರನೆಯ ದಿನ ತವರಿನ ನೆನಪಾಗಿ ಅಡುಗೆಮನೆಯಲ್ಲಿ ಅಳುತ್ತಿದ್ದೆ. ಮಾವನವರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಸೋರಾಕತ್ತೇತಿ. ಗಾಬರಿ ಆಗಬ್ಯಾಡವಾ. ತುಂಬಿದ್ದು ಖಾಲಿ ಆದ ಮ್ಯಾಲ ತಾನ ನಿಂದರತೈತಿ" ಎಂದು ಹೇಳಿ ಹೋದರು. ಕುಪ್ಪೇಲೂರಿನಲ್ಲಿ ಎಮ್ಮೆ, ಹತ್ತಿ, ಗುಡಿ ಇವಿಷ್ಟರ ನಡುವೆ ಬೆಳೆದವಳು ನಾನು. ಅವರು ನನ್ನನ್ನು ಹೋಲಿಸಿದ್ದು ಯಾವುದಕ್ಕೆ ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು.

ಮಾವನವರು ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ತಾರು ಬಡಿದವರು. ಊರಿಗೆಲ್ಲ "ತಾರ್ ಮಾಸ್ತರ್". ಊರವರ ಸಾವು, ಹೆರಿಗೆ, ವರ್ಗಾವಣೆ ಎಲ್ಲವನ್ನೂ ಟಕ್ಕಟಕ್ಕೆಂಬ ಸದ್ದಿನಲ್ಲೇ ಓದಿದ ಕಿವಿ ಅವರದು. ನಿವೃತ್ತಿಯಾದ ಮೇಲೆ ಅಂಥ ಕಿವಿಗೆ ಕೆಲಸ ಬೇಡವೇ? ಹಳೆಯ ವಾಲ್ವ್ ರೇಡಿಯೋ ಹಿಡಿದರು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಓಣಿಯಲ್ಲಿ ಒಂದೊಂದೇ ಮನೆಗೆ ಟಿ.ವಿ. ಬರುತ್ತಿದ್ದ ಕಾಲ. ಟಿ.ವಿ. ಬಂದ ಮನೆಯಿಂದ ರೇಡಿಯೋ ಅಟ್ಟಕ್ಕೆ ಹೋಗುತ್ತಿತ್ತು, ಅಟ್ಟದಿಂದ ನಮ್ಮ ಪಡಸಾಲೆಗೆ ಬರುತ್ತಿತ್ತು. ವಾಲ್ವ್ ರೇಡಿಯೋ ಎಂದರೆ ಕಿಸೆಯಲ್ಲಿಟ್ಟುಕೊಳ್ಳುವ ವಸ್ತುವಲ್ಲ. ಬಟ್ಟೆಯ ಟ್ರಂಕಿನಷ್ಟು ದೊಡ್ಡ ಕಟ್ಟಿಗೆಯ ಪೆಟ್ಟಿಗೆ. ಒಳಗೆ ಗಾಜಿನ ಬುರುಡೆಗಳು ದೀಪದ ಕುಡಿಯ ಹಾಗೆ ಮೆಲ್ಲಗೆ ಕೆಂಪಗಾಗಬೇಕು, ಕಾವು ಏರಬೇಕು, ಆಮೇಲೆಯೇ ಮಾತು. ನಮ್ಮ ಅತ್ತೆ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಹೇಗೋ ಹಾಗೆ.

ಈ ಕಂಡೆನ್ಸರ್ ಅಂದರೆ ಏನೆಂದು ನಾನೇ ಒಂದು ದಿನ ಕೇಳಿಬಿಟ್ಟೆ. ಸೊಸೆಯಾದವಳು ಮಾವನ ಮುಂದೆ ನಿಂತು ಪ್ರಶ್ನೆ ಕೇಳುವುದು ನಮ್ಮಲ್ಲಿ ರೂಢಿಯಿಲ್ಲ. ಆದರೆ ಕುತೂಹಲವನ್ನು ಎಷ್ಟು ದಿನ ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳಲು ಆಗುತ್ತದೆ?

ಅವರು ತಿರುಗಿ ನನ್ನನ್ನೇ ಕೇಳಿದರು. "ನಮ್ಮ ನಳ ಹೆಂಗ ಬರತೈತಿ?"

"ಬಂದ್ರ ಬಂತು, ಇಲ್ಲಂದ್ರ ಇಲ್ರಿ. ಬಂದಾಗೂ ಬುಸ್ ಬುಸ್ ಅಂತ ನಿಂತು ನಿಂತು ಬರತೈತ್ರಿ."

"ಅದನ್ನ ನೀ ಏನ ಮಾಡ್ತಿ?"

"ಹಂಡ್ಯಾಗ ತುಂಬಿ ಇಡತೇನ್ರಿ."

"ಹಂಡ್ಯಾಗಿಂದ ತಗೊಂಡ್ರ?"

"ಒಂದ ಸಮ ಸಿಗತೈತ್ರಿ."

"ಆತಲ್ಲ. ಕರೆಂಟೂ ಹಂಗ ಬುಸ್ ಬುಸ್ ಅಂತ ಬರತೈತಿ. ಕಂಡೆನ್ಸರ್ ಅಂದ್ರ ಹಂಡೆ. ಹಂಡೆ ದೊಡ್ಡದಿದ್ರ ರೇಡಿಯೋ ಸ್ವಚ್ಛ ಮಾತಾಡತೈತಿ. ವಯಸ್ಸಾಗಿ ಹಂಡೆ ಒಣಗಿ ಸಣ್ಣದಾತು ಅಂದ್ರ, ನಳದ ಬುಸ್ ಬುಸ್ ಹಾಡಿನಾಗ ಕೇಳಸತೈತಿ. ಅದ ಗುಂಯ್ ಅನ್ನೂದು."

ನನಗೆ ಅಷ್ಟೇ ಸಾಕಾಯಿತು. ದೇವರು ಒಬ್ಬೊಬ್ಬರಿಗೆ ಒಂದೊಂದು ಕಡೆ ತಿಳಿವು ಕೊಡುತ್ತಾನೆ, ನನಗೆ ಬಚ್ಚಲ ಹಂಡೆಯಲ್ಲಿ ಕೊಟ್ಟ. ನನಗೊಂದು ಅಭ್ಯಾಸವಿದೆ. ಸಂಜೆ ದೀಪ ಹಚ್ಚಿದಾಗ ಅಂದಂದಿನ ಸಣ್ಣಪುಟ್ಟ ಕೃಪೆಗಳನ್ನು ದೇವರ ಮುಂದೆ ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ಹಾಲು ಒಡೆಯಲಿಲ್ಲ, ನಳ ಬಂತು, ರೊಟ್ಟಿ ಹರಿಯಲಿಲ್ಲ, ಹೀಗೆ. ದೊಡ್ಡ ಕೃಪೆಗಳನ್ನು ಅವನೇ ನೆನಪಿಟ್ಟುಕೊಂಡಿರುತ್ತಾನೆ, ಸಣ್ಣವು ಮರೆತು ಹೋದಾವು ಎಂದು ನನ್ನ ಚಿಂತೆ. ಆ ಸಂಜೆಯ ಯಾದಿಯಲ್ಲಿ ಕಂಡೆನ್ಸರ್ ಕೂಡ ಸೇರಿತು.

ಹಂಡೆಯ ಮಾತನ್ನು ನಂಬದವರು ನಮ್ಮ ಮನೆಯವರು. ಓದಿದವರು ನೋಡಿ. ಒಂದು ರವಿವಾರ ಮಾವನವರು ಬಿಚ್ಚಿಟ್ಟಿದ್ದ ರೇಡಿಯೋದ ವಾಯರನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡು, "ಕರೆಂಟ ತಗದ ಮ್ಯಾಲ ಇದರಾಗ ಇನ್ನೇನ ಇರತೈತಿ?" ಎಂದು ಒಳಗೆ ಬೆರಳಿಟ್ಟರು. ಮರುಕ್ಷಣ ತುಳಸಿಕಟ್ಟೆಯ ಹತ್ತಿರ ಕುಳಿತಿದ್ದರು. ಹೋದದ್ದನ್ನು ಯಾರೂ ನೋಡಲಿಲ್ಲ. ಮಾವನವರು ಕನ್ನಡಕ ಏರಿಸಿಕೊಂಡು ಶಾಂತವಾಗಿ ಹೇಳಿದರು: "ನಳ ಬಂದ್ ಮಾಡಿದಿ. ಹಂಡ್ಯಾಗ ನೀರ ಉಳದಿತ್ತು."

ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರ ರೇಡಿಯೋ ಬಂದದ್ದು ಇದಾದ ಮೇಲೆ. ಎಂಟು ವರ್ಷ ಗೋದಾಮಿನಲ್ಲಿ ಚೀಲಗಳ ನಡುವೆ ಇದ್ದದ್ದು. ನೋಡಲು ಕೆಂಪಗೆ ಚೆಂದವಿತ್ತು. ಪಾಪ, ಅದು ಬಣ್ಣವಲ್ಲವೆಂದು ಯಾರಿಗೆ ಗೊತ್ತು? ಮಾವನವರು ಹಿಂದಿನ ರಟ್ಟು ತೆಗೆದು, ಸೈಕಲ್ ಪಂಪು ಹಚ್ಚಿ, ಒಳಗಿನ ಧೂಳಿಗೆ ಒಂದೇ ಒಂದು ಸಲ ಗಾಳಿ ಹೊಡೆದರು. ಮೊದಲು ಮಾವನವರು ಸೀನಿದರು, ಆಮೇಲೆ ನಾನು, ಆಮೇಲೆ ಎದುರು ಮನೆಯವರು, ಆಮೇಲೆ ಓಣಿಯ ಕೊನೆಯಲ್ಲಿ ಕಟ್ಟಿದ್ದ ಆಕಳು. ಶುಭಕಾರ್ಯಕ್ಕೆ ಹೊರಟಿದ್ದ ಮೂರು ಮನೆಯವರು ಅಪಶಕುನವೆಂದು ಒಳಗೆ ಹೋಗಿ ಕೂತರು. ದಲಾಲರು ಬಂದು "ಏನಾಗಿತ್ರಿ ಮಾಸ್ತರ?" ಎಂದು ಕೇಳಿದಾಗ ಮಾವನವರು ಕಣ್ಣು ಒರೆಸಿಕೊಳ್ಳುತ್ತಾ, "ಕಂಡೆನ್ಸರ್. ಆದ್ರ ಭಾಳ ಖಾರ ಇದ್ವು" ಎಂದರು.

ರಿಪೇರಿಯಲ್ಲಿ ಅವರಿಗೆ ಎರಡು ವ್ರತಗಳಿದ್ದವು. ಮೊದಲನೆಯದು: ಒಂದು ತೆಗಿ, ಒಂದು ಹಚ್ಚು, ಕೇಳು. ಒಂದು ಹಳೆಯ ಕಂಡೆನ್ಸರ್ ತೆಗೆದರೆ ಅದರ ಜಾಗಕ್ಕೆ ಹೊಸದನ್ನು ಬೆಸುಗೆ ಹಾಕಿ, ರೇಡಿಯೋ ಹಚ್ಚಿ, ಕಣ್ಣು ಮುಚ್ಚಿ ಕೇಳಿದ ಮೇಲೆಯೇ ಎರಡನೆಯದು. "ಎಲ್ಲಾ ಒಮ್ಮಿಗೇ ಕಿತ್ರ, ಯಾರ ಮನಿ ಯಾವುದು ಅಂತ ಆಮ್ಯಾಲ ಅವಕ್ಕೂ ಗೊತ್ತಾಗಂಗಿಲ್ಲ" ಎನ್ನುತ್ತಿದ್ದರು. ಎರಡನೆಯದು ಇನ್ನೂ ವಿಚಿತ್ರ. ಹಳೆಯ ಕಂಡೆನ್ಸರ್ ಬೆರಳು ಗಾತ್ರದ ಕಾಗದದ ಸುರುಳಿ, ಮೇಲೆ ಮೇಣ. ಹೊಸದು ಹುಣಸೆಬೀಜದಷ್ಟು, ಹಳದಿ ಬಣ್ಣ. ಅದನ್ನು ಹಾಗೇ ಹಚ್ಚಿದರೆ ಆಗುವುದಿಲ್ಲವೇ? ಆಗುತ್ತದೆ. ಆದರೆ ಇವರು ಹಳೆಯದನ್ನು ಕಾಯಿಸಿ, ಒಳಗಿನ ತಿರುಳನ್ನು ತೆಗೆದು, ಖಾಲಿ ಸುರುಳಿಯೊಳಗೆ ಹೊಸದನ್ನು ತೂರಿಸಿ, ಎರಡೂ ಬಾಯಿಗೆ ಮೇಣ ಹೊಯ್ದು ಮುಚ್ಚುತ್ತಿದ್ದರು. ಮುಂದೆ ಯಾರೇ ಬಿಚ್ಚಿ ನೋಡಲಿ, ಎಲ್ಲ ಮೊದಲಿನಂತೆಯೇ ಕಾಣಬೇಕು. "ಇದು ಯಾರ ಕಣ್ಣಿಗೆ ಬೀಳತೈತ್ರಿ ಮಾವಾರ? ಒಳಗ ಇರೂದು" ಎಂದು ನಾನು ಕೇಳಿದ್ದಕ್ಕೆ, "ರೇಡಿಯೋಕ್ಕ ಗೊತ್ತಾಗತೈತಿ" ಎಂದರು.

ಮೇಣ ಕರಗಿಸಲು ಅವರಿಗೆ ಸಿಕ್ಕಿದ್ದು ನನ್ನ ಒಗ್ಗರಣೆ ಸೌಟು. ಅದನ್ನು ನನಗೆ ಹೇಳಲಿಲ್ಲ. ಮರುದಿನ ಮುಂಜಾನೆಯ ಅವಲಕ್ಕಿ ತಟ್ಟೆಯಲ್ಲಿ ಸ್ವಲ್ಪ ಹೆಚ್ಚೇ ಮಿರಮಿರ ಮಿಂಚುತ್ತಿತ್ತು. ನಮ್ಮ ಮನೆಯವರು ಎರಡು ತುತ್ತು ತಿಂದು, ನನ್ನ ಕಡೆ ನೋಡಿ, ಅವರಪ್ಪನ ಕಡೆ ನೋಡಿ, ತಲೆ ತಗ್ಗಿಸಿ ಉಳಿದದ್ದನ್ನು ತಿಂದು ಎದ್ದರು. ಅತ್ತೆ ಮಾತ್ರ ಬಾಯಿಗಿಟ್ಟವರೇ, "ಅಲ್ರೀ, ನನ್ನ ಬಾಯಿನೂ ಮುಚ್ಚಬೇಕಂತ ಮಾಡೀರೇನು ಮ್ಯಾಣ ಹಚ್ಚಿ?" ಎಂದರು. ಮಾವನವರು ಎದ್ದು ಹೋಗಿ ಸೌಟನ್ನು ತಾವೇ ಬೂದಿ ಹಚ್ಚಿ ಉಜ್ಜಿಟ್ಟರು.

ಈಗ ನನ್ನ ನಿಜವಾದ ಸೋಜಿಗಕ್ಕೆ ಬರುತ್ತೇನೆ. ಮೂರು ಊರಿನ ರೇಡಿಯೋಗಳ ಗುಂಯ್ ತೆಗೆದ ಈ ಮನುಷ್ಯನ ಸ್ವಂತ ರೇಡಿಯೋ, ನಡುಮನೆಯ ಗೂಡಿನಲ್ಲಿ ಕೂತು, ಹಗಲೆಲ್ಲ ಗುಂಯ್ ಎನ್ನುತ್ತಿತ್ತು! ಹಾಡು ಬಂದರೂ ಗುಂಯ್, ವಾರ್ತೆ ಬಂದರೂ ಗುಂಯ್. ಮಧ್ಯಾಹ್ನ ಸ್ಟೇಷನ್ ಮುಚ್ಚಿದ ಮೇಲೂ ಅದನ್ನು ಆರಿಸುತ್ತಿರಲಿಲ್ಲ, ಆಗ ಬರೇ ಗುಂಯ್. ಬೀಗರು ಬಂದವರು ಮನೆಯೊಳಗೆ ಜೇನು ಕಟ್ಟಿದೆಯೇ ಎಂದು ಮೇಲೆ ನೋಡುತ್ತಿದ್ದರು. ರಾಣೆಬೆನ್ನೂರಿನಲ್ಲಿ ಬಿಡಿಭಾಗಗಳ ಅಂಗಡಿಯಿಟ್ಟಿದ್ದ ಖಾದರ್ ಸಾಹೇಬರು, ಮಾವನವರ ಹಳೆಯ ದೋಸ್ತರು, ಮನೆಗೆ ಬಂದಾಗಲೆಲ್ಲ ಚುಚ್ಚುತ್ತಿದ್ದರು.

"ಏನ್ ಮಾಸ್ತರ್ ಸಾಬ್, ಊರ ಮಂದಿಗೆಲ್ಲಾ ಔಷಧ ಕೊಡ್ತೀರಿ, ನಿಮ್ಮ ಮನ್ಯಾಗಿಂದು ಹಿಂಗ್ಯಾಕ ನರಳತೈತಿ?"

"ಅದರ ಟೈಮ್ ಇನ್ನೂ ಬಂದಿಲ್ಲ."

"ಎಲ್ಲಾರ ಟೈಮೂ ಬರತೈತಿ. ನಿಮ್ಮ ರೇಡಿಯೋದ್ದ ಬರವಲ್ದು."

ಮಾವನವರು ನಕ್ಕು ಚಹಾ ಬಸಿಗೆ ಸುರಿದುಕೊಳ್ಳುತ್ತಿದ್ದರು. ನಾನೂ ಒಮ್ಮೆ ಕೇಳಿದೆ. ಅವರು ಅಡುಗೆಮನೆಯ ಕಡೆ ಕತ್ತು ತಿರುಗಿಸಿ, "ನಿಮ್ಮತ್ತಿ ಇರಲಿ ಬಿಡ್ರಿ ಅಂದಾಳ" ಎಂದರು. ಯಾಕಂತೆ? "ಕೇಳಿಲ್ಲ." ಹೆಂಡತಿ ಇರಲಿ ಎಂದಳು, ಇವರು ಬಿಟ್ಟರು. ಎಷ್ಟು ದಿನವಾಯಿತು ಎಂದರೆ ಎರಡು ವರ್ಷವಾಯಿತಂತೆ. ತುಕ್ಕು ಹಿಡಿದ ಒಂದು ಮೊಳೆ ಕಂಡರೂ ಅದರ ಜಾತಕ ಕೇಳುವವರಿಗೆ, ಹೆಂಡತಿಯ ಮಾತಿಗೆ ಮಾತ್ರ ಕಾರಣ ಬೇಕಿರಲಿಲ್ಲ.

ಆ ರೇಡಿಯೋದ ಟೈಮ್ ಬಂದದ್ದು ಶ್ರಾವಣ ಮಾಸದ ಒಂದು ಮುಂಜಾನೆ. ನಾನು ಮಂಗಳಾರತಿ ಎತ್ತುವುದಕ್ಕೂ, ನಡುಮನೆಯಲ್ಲಿ ಢಬ್ ಎನ್ನುವುದಕ್ಕೂ ಸರಿಹೋಯಿತು. ಸುಟ್ಟ ವಾಸನೆ. ಪೆಟ್ಟಿಗೆಯ ಹಿಂದಿನಿಂದ ಹತ್ತಿಯಂಥ ಚೂರುಗಳು ಹಾರಿ ಬಂದವು. ಮಾವನವರು ಮೂಗು ಅರಳಿಸಿ ಒಂದೇ ಉಸಿರಿಗೆ ಹೇಳಿದರು: "ದೊಡ್ಡ ಹಂಡೆ." ಆಮೇಲೆ ಮನೆಯಲ್ಲಿ ಎಂಥ ನಿಶ್ಶಬ್ದ ಬಿತ್ತು ಎಂದರೆ, ನಮ್ಮ ಮನೆಯಲ್ಲಿ ಗಡಿಯಾರವಿದೆಯೆಂದು ನನಗೆ ಅಂದೇ ಗೊತ್ತಾದದ್ದು.

ಕೂಡಲೇ ರಿಪೇರಿ ಮಾಡಿದರೇ? ಇಲ್ಲ. ಮಾವನವರಲ್ಲಿ ಸರದಿ ಎಂದರೆ ಸರದಿ. ಬಂದ ರೇಡಿಯೋಕ್ಕೆಲ್ಲ ಒಂದು ಚೀಟಿ ಅಂಟಿಸಿ ನಂಬರು ಹಾಕುತ್ತಿದ್ದರು. ನಮ್ಮ ರೇಡಿಯೋಕ್ಕೂ ಚೀಟಿ ಅಂಟಿಸಿದರು. ಹನ್ನೊಂದನೆಯ ನಂಬರು. ನಮ್ಮ ಮನೆಯವರು ತಲೆ ಚಚ್ಚಿಕೊಂಡು ಪೇಟೆಗೆ ಹೋಗಿ ಅತ್ತೆಗೆಂದು ಒಂದು ಸಣ್ಣ ಟ್ರಾನ್ಸಿಸ್ಟರ್ ತಂದುಕೊಟ್ಟರು. ಅತ್ತೆ ಅದನ್ನು ಎರಡು ದಿನ ಕೇಳಿ, "ಗುಬ್ಬಿ ಒದರಿದಂಗ ಒದರತೈತಿ. ಸುಮ್ಮನಾದ್ರ ಎಲ್ಲೈತಿ ಅಂತನೂ ಗೊತ್ತಾಗಂಗಿಲ್ಲ" ಎಂದು ಬದಿಗಿಟ್ಟರು. ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ.

ಅದೇ ವಾರ ಅತ್ತೆಗೆ ನನ್ನ ಮೇಲೆ ಸಿಟ್ಟು ಬಂತು. ಹಾಗೆಂದು ನಾನು ತಿಳಿದೆ. ಹಸಿ ರಂಗೋಲಿಯ ನಡುವೆಯೇ ನಡೆದು ಹೋದರು. ನಾನು ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ಕಾಲಿನಿಂದ ಒದ್ದರು. ಮಜ್ಜಿಗೆಯನ್ನು ನನ್ನ ತಟ್ಟೆಯ ಹೊರಗೆ ಸುರಿದರು. ಬಾಗಿಲಿಗೆ ಹಣೆ ಬಡಿದುಕೊಂಡು ಬಾಗಿಲಿಗೇ ಬೈದರು. ಅದೂ ನನಗೇ ಬೈದದ್ದೆಂದು ನಾನು ಎಣಿಸಿದೆ. ಸೊಸೆಯಾದವಳಿಗೆ ಅತ್ತೆ ಎಡವಿದರೂ ಅದು ತನ್ನ ಮೇಲಿನ ಕೋಪವೆಂದೇ ಕಾಣುತ್ತದಲ್ಲ. ಕೇಳುವ ರೂಢಿಯಿಲ್ಲ, ಹೇಳುವ ರೂಢಿಯೂ ಇಲ್ಲ. ನಾನು ನಾಲ್ಕು ದಿನ ಮೂತಿ ಉಬ್ಬಿಸಿಕೊಂಡು ಓಡಾಡಿದೆ. ಸಂಜೆ ದೇವರ ಮುಂದೆ ಕೂತರೆ ಕೃಪೆಯ ಯಾದಿಯ ಬದಲು ದೂರಿನ ಯಾದಿ ಬರುತ್ತಿತ್ತು.

ಐದನೆಯ ದಿನ ಶುಕ್ರವಾರ. ಎದುರು ಮನೆಯ ಅವ್ವಾರನ್ನು ಕರೆದು ಉಡಿ ತುಂಬುತ್ತಿದ್ದೆವು. ಅತ್ತೆ ಕುಂಕುಮ ತೆಗೆದುಕೊಂಡು ಅವರ ಮೂಗಿನ ಮೇಲೆ ಹಚ್ಚಿದರು. ಅವರು ಚೇಷ್ಟೆಯೆಂದುಕೊಂಡು ನಕ್ಕರು. ಅತ್ತೆಯೂ ನಕ್ಕರು. ನಗುತ್ತಾ ಇನ್ನೊಂದು ಸಲ ಬೆರಳು ಚಾಚಿದರು. ಆ ಬೆರಳು ಹಣೆಯನ್ನು ಹುಡುಕುತ್ತಿತ್ತು. ನನ್ನ ಕೈಯಲ್ಲಿದ್ದ ಅಕ್ಕಿಯ ತಟ್ಟೆ ಅಲ್ಲಿಯೇ ನಿಂತಿತು. ನಾಲ್ಕು ದಿನದ ನನ್ನ ಸಿಟ್ಟನ್ನು ಎಲ್ಲಿ ಮುಚ್ಚಿಡಲಿ ಎಂದು ತಿಳಿಯಲಿಲ್ಲ.

ಡಾಕ್ಟರರು ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿದೆ ಎಂದರು. "ಎರಡು ವರ್ಷದಿಂದ ಮಬ್ಬಾಗಿ ಬಂದೇತಿ. ಇಷ್ಟ ದಿನ ಮನ್ಯಾಗ ಹೆಂಗ ಓಡ್ಯಾಡಿದ್ರಿ ಅಮ್ಮಾರ?" ಎಂದು ಕೇಳಿದರು. ಅತ್ತೆ, "ಹಂಗ" ಎಂದರು. ಮಾವನವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಮೊದಲು ಒಂದು ಕಣ್ಣಿನ ಆಪರೇಷನ್, ದೀಪಾವಳಿ ಕಳೆದು ಹುಬ್ಬಳ್ಳಿಯಲ್ಲಿ ಎಂದು ಗೊತ್ತಾಯಿತು. ನನ್ನ ನಾದಿನಿಯ ಮನೆ ಅಲ್ಲೇ ಇತ್ತು, ಹತ್ತು ಹದಿನೈದು ದಿನ ಅಲ್ಲಿಯೇ ಇರಬಹುದು. ಅತ್ತೆ ಒಲ್ಲೆ ಎಂದರು. ನೋವಿಗೆ ಹೆದರಿದ್ದಲ್ಲ. "ಕಣ್ಣಿಗೆ ಪಟ್ಟಿ ಕಟ್ಟಿದ ಮ್ಯಾಲ ಬಚ್ಚಲಕ್ಕೂ ಕೈ ಹಿಡಕೊಂಡು ಕರಕೊಂಡು ಹೋಗ್ತಾರು. ಅದು ನನಗ ಆಗೂದಿಲ್ಲ." ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರಿಗೂ ಊಟಕ್ಕಿಟ್ಟು, ಯಾರ ಹೆಗಲಿಗೂ ಕೈಯಿಡದೆ ಬದುಕಿದ ಹೆಣ್ಣುಮಗಳು. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು. ಗಂಡನ ಕಡೆ ತಿರುಗಿ, "ನಾ ಬರೂದ್ರೊಳಗ ನಮ್ಮ ರೇಡಿಯೋ ಹಚ್ಚಿ ಇಟ್ಟಿರಬೇಕು ನೋಡ್ರಿ. ಅದು ಇದ್ರ ಮನಿಗೆ ಬರತೇನಿ" ಎಂದರು. ಭಕ್ತಿಗೀತೆಯ ಮೇಲೆ ಎಂಥ ಆಸೆ ಎಂದು ನಾನು ಮೆಚ್ಚಿಕೊಂಡೆ. ಆಪರೇಷನ್ ಸುಸೂತ್ರವಾದರೆ ಹೊಳೆದಂಡೆಯ ಗಳಗನಾಥದ ಗುಡಿಗೆ ಬಂದು ದೀಪ ಹಚ್ಚುತ್ತೇನೆಂದು ಹರಕೆ ಹೊತ್ತೆ.

ಅತ್ತೆಯನ್ನು ಹುಬ್ಬಳ್ಳಿಗೆ ಬಿಟ್ಟು ಬಂದ ಮರುದಿನ ಮಾವನವರು ಮೊದಲನೆಯ ಸಲ ಸರದಿ ಮುರಿದರು. ಹನ್ನೊಂದರ ಚೀಟಿ ಕಿತ್ತು ಕಿಸೆಯಲ್ಲಿಟ್ಟುಕೊಂಡು ರಾಣೆಬೆನ್ನೂರಿಗೆ ಹೊರಟರು. ನಾನೂ ತವರಿಗೆ ಹೋಗುವವಳಿದ್ದೆ, ಅಂಗಡಿಯವರೆಗೆ ಜೊತೆಗೆ ಹೋದೆ. ಖಾದರ್ ಸಾಹೇಬರು ನಮ್ಮನ್ನು ಕೂರಿಸಿ, ಗೋಡೆಯ ತುಂಬ ಇದ್ದ ಡಬ್ಬಿಗಳಲ್ಲಿ ಹುಡುಕಿ, ದೊಡ್ಡ ಕಂಡೆನ್ಸರ್ ಒಂದನ್ನು ಮಾವನವರ ಅಂಗೈಯಲ್ಲಿಟ್ಟರು.

"ಇದು ಹಚ್ರಿ. ನಿಮ್ಮ ಹಳೇದರ ನಾಕರಷ್ಟ ನೀರ ಹಿಡೀತೈತಿ. ಗುಂಯ್ ಅನ್ನೂ ಸೊಲ್ಲ ಇರೂದಿಲ್ಲ."

ಮಾವನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆಕಿ ಇರಲಿ ಅಂದಿದ್ಲು" ಎಂದರು, ತಮ್ಮಷ್ಟಕ್ಕೇ.

ಅಲ್ಲಿ ಬಾಯಿ ಹಾಕಿದವಳು ನಾನು. "ಅದು ಹಳೇ ಮಾತ್ರಿ ಮಾವಾರ. ಪಟ್ಟಿ ಕಟಗೊಂಡು ಹಾಸಗಿ ಮ್ಯಾಲ ಇರ್ತಾರು, ಹಾಡರ ಸ್ವಚ್ಛ ಕೇಳಲಿ. ಈ ಸಲ ಗುಂಯ್ ತಗದ ಬಿಡ್ರಿ" ಎಂದೆ. ಖಾದರ್ ಸಾಹೇಬರು, "ಬೇಟಿ ಬರೋಬರಿ ಹೇಳಾಕತ್ತಾಳ" ಎಂದರು. ಇಬ್ಬರ ಮಾತಿಗೆ ಮಾವನವರು ಒಪ್ಪಿದರು. ಬೇಕಾದೀತೆಂದು ಅದೇ ಜಾತಿಯ, ಅದಕ್ಕಿಂತ ಸಣ್ಣ ಅಳತೆಯ ಇನ್ನೂ ಮೂರನ್ನು ಕಾಗದದಲ್ಲಿ ಕಟ್ಟಿಸಿಕೊಂಡರು. ರಿಪೇರಿಯವರು ಅಂಗಡಿಯಿಂದ ಒಂದೇ ವಸ್ತು ತೆಗೆದುಕೊಂಡು ಎದ್ದದ್ದನ್ನು ನಾನಂತೂ ಕಂಡಿಲ್ಲ.

ಮೊದಲು ದೊಡ್ಡ ಹಂಡೆ. ಸಿಡಿದ ಹಳೆಯ ಡಬ್ಬಿಯ ಒಳಗನ್ನೆಲ್ಲ ಕೆರೆದು ತೆಗೆದು, ಹೊಸದನ್ನು ಅದರೊಳಗೆ ಕೂರಿಸಿದರು. ಆಮೇಲೆ ದಿನಕ್ಕೊಂದರಂತೆ, ಮನೆಯಲ್ಲೇ ಇದ್ದ ಹುಣಸೆಬೀಜದಂಥವು ಹದಿಮೂರು. ಒಂದು ತೆಗಿ, ಒಂದು ಹಚ್ಚು, ಕೇಳು. ತವರಿನಿಂದ ಎರಡೇ ದಿನಕ್ಕೆ ಮರಳಿ ಬಂದು ಸೌಟನ್ನು ನಾನೇ ಕೈಗೆ ಕೊಟ್ಟೆ. ಕೊನೆಯ ದಿನ ಗುಂಡಿ ತಿರುಗಿಸಿದರು. ಬುರುಡೆಗಳು ಕೆಂಪಾದವು, ಕಾವು ಏರಿತು. ಏನು ಹೇಳಲಿ? ಹಾಡುವವರು ಉಸಿರು ತೆಗೆದುಕೊಂಡದ್ದು ಕೇಳಿಸಿತು. ತಂಬೂರಿಯ ತಂತಿ ನಮ್ಮ ನಡುಮನೆಯಲ್ಲೇ ಮಿಡಿಯಿತು. ಹಾಡು ನಿಂತಾಗ ಎಲ್ಲವೂ ನಿಂತಿತು, ಗುಡಿಯಲ್ಲಿ ಗಂಟೆ ನಿಂತ ಹಾಗೆ. ಎದುರು ಮನೆಯವರು ಬಂದು ಕೈ ಮುಗಿದರು. ಮಾವನವರಿಗೆ ಆ ದಿನ ಎತ್ತರ ಸ್ವಲ್ಪ ಹೆಚ್ಚಾಗಿತ್ತು. ಸಂಜೆಯ ನನ್ನ ಯಾದಿಯೂ ಉದ್ದವಿತ್ತು, ಅದರಲ್ಲಿ ನನ್ನ ಜಾಣತನಕ್ಕೂ ಒಂದು ಸ್ಥಾನ ಕೊಟ್ಟಿದ್ದೆ. ದೇವರು ಅದನ್ನು ಗಮನಿಸಿರಬೇಕು.

ಅತ್ತೆ ಬಂದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ. ಹೊಸಿಲು ದಾಟಿ ನಿಂತವರು ತಲೆ ಆ ಕಡೆ ಈ ಕಡೆ ತಿರುಗಿಸಿ, "ರೇಡಿಯೋ ಹಚ್ಚಿಲ್ಲೇನು?" ಎಂದರು.

"ಹಚ್ಚೇನಲ್ಲ. ಮಧ್ಯಾಹ್ನ, ಸ್ಟೇಷನ್ ಬಂದ್ ಐತಿ. ಕೇಳ, ಒಂದರ ಸಪ್ಪಳ ಐತೇನು?" ಎಂದು ಮಾವನವರು ಹೆಮ್ಮೆಯಿಂದ ನಕ್ಕರು.

ಅತ್ತೆ ನಗಲಿಲ್ಲ. "ಇಲ್ಲ" ಎಂದರು. ಸಂಜೆ ಹಾಡು ಬಂತು, ಕೇಳಿದರು, ಚಲೋ ಐತಿ ಎಂದರು. ಆದರೆ ಮಂಚ ಬಿಟ್ಟು ಏಳಲಿಲ್ಲ. ಮರುದಿನವೂ ಇಲ್ಲ. ನಾನು ಕೈ ಕೊಟ್ಟರೆ "ಆಮ್ಯಾಲ" ಎನ್ನುವರು. ಚಹಾ ಬೇಡ, ಮಜ್ಜಿಗೆ ಬೇಡ, ನೀರೂ ಬೇಡ. ನೀರು ಚೆನ್ನಾಗಿ ಕುಡಿಸಿರಿ ಎಂದು ಡಾಕ್ಟರರು ಬರೆದು ಕೊಟ್ಟಿದ್ದರು. ನಾನು ಇಟ್ಟ ತಂಬಿಗೆ ಇಟ್ಟಂತೆಯೇ ಇರುತ್ತಿತ್ತು. ಮೂರನೆಯ ದಿನ ತುಟಿ ಒಣಗಿ ಬಿಳಿಯಾಗಿತ್ತು. ಮೈ ಬೆಚ್ಚಗಿತ್ತು. ನಾನು ಮಂಚದ ಹತ್ತಿರ ಕೂತು, ರೂಢಿಯನ್ನು ಬದಿಗಿಟ್ಟು, ಕೇಳಿಬಿಟ್ಟೆ.

"ಅತ್ತೀ, ನೀರ ಯಾಕ ಒಲ್ರಿ? ನನ್ನ ಮ್ಯಾಲ ಸಿಟ್ಟೇನ್ರಿ?"

"ನಿನ್ನ ಮ್ಯಾಲ ಯಾಕ ಸಿಟ್ಟಲೇ ಹುಚ್ಚಿ? ಕುಡದ್ರ ಬಚ್ಚಲಕ್ಕ ಹೋಗಬೇಕಾಗತೈತಿ. ಹೋಗಾಕ ನಿನ್ನ ಕೈ ಹಿಡೀಬೇಕಾಗತೈತಿ."

"ಹಿಡದ್ರ ಏನಾತ್ರಿ? ಮೊದಲೂ ಕಾಣತಿರಲಿಲ್ಲ ಅಂತೀರಿ, ಆವಾಗ ಹೆಂಗ ಹೋಗತಿದ್ರಿ?"

ಅತ್ತೆ ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ದನಿ ತಗ್ಗಿಸಿದರು. "ಗುಂಯ್ ಇತ್ತಲ್ಲ. ಗುಂಯ್ ಎಡಗಿವಿಗೆ ಬಂದ್ರ ಎದುರು ಅಡಗಿಮನಿ. ಬಲಗಿವಿಗೆ ಬಂದ್ರ ದೇವರ ಮನಿ. ಬೆನ್ನಿಗೆ ಬಂತಂದ್ರ ಸೀದಾ ನಡದ್ರ ಬಚ್ಚಲ. ಅದು ಒಡದ ಮ್ಯಾಲ ಮನಿ ಎಲ್ಲೈತಿ ಅಂತ ಗೊತ್ತಾಗವಲ್ದು."

ನಡುಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಮಾವನವರು ಗೂಡಿನ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ತಾರಿನ ಟಕ್ಕಟಕ್ಕೆಯನ್ನು ಓದಿದ ಕಿವಿಗೆ ಈ ಮಾತು ತಪ್ಪುತ್ತದೆಯೇ? ಕೈಯಿಂದ ಕನ್ನಡಕ ಬಿದ್ದಿತ್ತು.

ಎದ್ದು ರೇಡಿಯೋ ಆರಿಸಿ, ವಾಯರು ಕಿತ್ತು, ಹಂಡೆಯ ನೀರು ಖಾಲಿ ಮಾಡಿ, ರಟ್ಟು ಬಿಚ್ಚಿದರು. ಬೆಸುಗೆಯ ಕಡ್ಡಿ ಕಾಯಲು ಇಟ್ಟರು. ಹಳೆಯ ಡಬ್ಬಿಯೊಳಗಿಂದ ಖಾದರ್ ಸಾಹೇಬರ ದೊಡ್ಡ ಹಂಡೆಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ರಾಣೆಬೆನ್ನೂರಿನ ಕಾಗದದ ಪೊಟ್ಟಣ ಬಿಚ್ಚಿ, ಇದ್ದುದರಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಹಚ್ಚಿ ಗುಂಡಿ ತಿರುಗಿಸಿದರು. ಗುಂಯ್ ಅಲ್ಲ, ಗೊರಕೆ ಬಂತು.

"ಇಷ್ಟ ಇತ್ತೇನು?" ಎಂದು ನಡುಮನೆಯಿಂದ ಕೇಳಿದರು.

"ಇಷ್ಟ ಇರಲಿಲ್ಲ. ಎತ್ತು ಮಲಗಿದಂಗ ಆತು" ಎಂದು ಅತ್ತೆ ಮಂಚದಿಂದ ಹೇಳಿದರು.

ಅದನ್ನು ತೆಗೆದು ಅದಕ್ಕಿಂತ ಸ್ವಲ್ಪ ದೊಡ್ಡದನ್ನು ಹಚ್ಚಿದರು. "ಈಗ?"

"ಇನ್ನೊಂದೀಟು ಕಡಿಮಿ."

ಕನ್ನಡಕದ ಅಂಗಡಿಯಲ್ಲಿ ಗಾಜು ಬದಲಿಸಿ ಬದಲಿಸಿ, ಈಗ ಕಾಣುತ್ತದೆಯೇ ಎಂದು ಕೇಳುತ್ತಾರಲ್ಲ, ಹಾಗೆ. ಒಂದು ತೆಗಿ, ಒಂದು ಹಚ್ಚು, ಕೇಳು. ಈ ಸಲ ಕೇಳಿದ್ದು ಅತ್ತೆ. ಮೂರನೆಯದಕ್ಕೆ ಮಂಚ ಕಿರುಗುಟ್ಟಿತು. ಅತ್ತೆ ಎದ್ದು ನಿಂತಿದ್ದರು. ನಾನು ಹಿಡಿಯಲು ಹೋದೆ, ಮಾವನವರು ಬೇಡವೆಂದು ಕೈಸನ್ನೆ ಮಾಡಿದರು. ಅತ್ತೆ ಬಾಗಿಲಿಗೆ ಬಂದರು, ಒಂದು ಕ್ಷಣ ನಿಂತು ಕತ್ತು ಓರೆ ಮಾಡಿದರು, ಗುಂಯ್ ಅನ್ನು ಬೆನ್ನಿಗೆ ಹಾಕಿಕೊಂಡು ನೆಟ್ಟಗೆ ಬಚ್ಚಲಿಗೆ ಹೋದರು. ತಿರುಗಿ ಬಂದು ಎರಡು ತಂಬಿಗೆ ನೀರು ಕುಡಿದರು.

ಮಾವನವರು ಆ ಸಣ್ಣ ಹಂಡೆಯನ್ನು ಹಳೆಯ ಡಬ್ಬಿಯೊಳಗಿಟ್ಟು, ಮೇಣ ಹೊಯ್ದು, ಯಾರಿಗೂ ಕಾಣದಂತೆ ಮುಚ್ಚಿದರು. ಜೀವನವಿಡೀ ಯಾವುದನ್ನು ಕಾಯಿಲೆ ಎಂದರೋ ಅದನ್ನೇ ತಮ್ಮ ಕೈಯಾರೆ ಒಳಗಿಟ್ಟು ಬೆಸುಗೆ ಹಾಕಿದರು.

ಮುಂದಿನ ತಿಂಗಳು ಖಾದರ್ ಸಾಹೇಬರು ಕಣ್ಣಿನ ಯೋಗಕ್ಷೇಮ ವಿಚಾರಿಸಲು ಬಂದವರು ನಡುಮನೆಯಲ್ಲಿ ಗಕ್ಕನೆ ನಿಂತರು. "ಮತ್ತ ನರಳಾಕತ್ತೇತಿ? ನನ್ನ ಮಾಲಿನ ಮರ್ಯಾದಿ ತಗದ್ರಿ ಮಾಸ್ತರ್ ಸಾಬ್." ಮಾವನವರು, "ಹಂಡೆ ಸಣ್ಣದೈತಿ. ಬೇಕಂತ ಹಾಕೇನಿ" ಎಂದು ಚಹಾ ಬಸಿಗೆ ಸುರಿದುಕೊಂಡರು. ಕಾರಣ ಹೇಳಲಿಲ್ಲ. ಹೆಂಡತಿಯ ಗುಟ್ಟಿಗೂ ಮೇಣ ಹಚ್ಚಿಬಿಟ್ಟಿದ್ದರು.

ಅತ್ತೆಗೆ ಕನ್ನಡಕ ಬಂತು. ಬಾಟಲಿಯ ತಳದಂಥ ದಪ್ಪ ಗಾಜು. ಹಾಕಿಕೊಂಡು ಮೊದಲು ಗಂಡನನ್ನು ನೋಡಿ, "ಏನ್ರೀ, ಇಷ್ಟ ಮುಪ್ಪಾಗೀರಿ?" ಎಂದರು. ಆಮೇಲೆ ಅಂಗಳಕ್ಕೆ ಹೋಗಿ ನನ್ನ ರಂಗೋಲಿಯ ಮುಂದೆ ನಿಂತು, "ಒಂದು ಚುಕ್ಕಿ ತಪ್ಪೇತಿ" ಎಂದರು. ಎರಡು ವರ್ಷ ನನಗೆ ಯಾವ ಕೃಪೆ ಸಿಕ್ಕಿತ್ತೆಂದು ಆಗ ತಿಳಿಯಿತು. ಗಳಗನಾಥಕ್ಕೆ ಹೋಗಿ, ಹೊಳೆಯಲ್ಲಿ ಕೈಕಾಲು ತೊಳೆದು, ಹರಕೆಯ ದೀಪ ಹಚ್ಚಿ ಬಂದೆವು. ಬಂದ ದಿನ ಮಾವನವರು ಕೇಳಿದರು. "ಈಗ ಕಣ್ಣ ಬಂತಲ್ಲ. ದೊಡ್ಡ ಹಂಡೆ ಹಚ್ಚಲೇನು?"

"ಇರಲಿ ಬಿಡ್ರಿ" ಎಂದರು ಅತ್ತೆ.

ಈ ಸಲವೂ ಅವರು ಯಾಕೆಂದು ಕೇಳಲಿಲ್ಲ. ನನಗೆ ಮಾತ್ರ ತಡೆಯಲಾಗಲಿಲ್ಲ. ಕಣ್ಣು ಬಂದ ಮೇಲೆ ಇನ್ನೇಕೆ? ಕೇಳಬೇಕೆಂದುಕೊಂಡೇ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಸ್ಟೇಷನ್ ಮುಚ್ಚಿತ್ತು, ಗೂಡಿನಲ್ಲಿ ರೇಡಿಯೋ ತನ್ನಷ್ಟಕ್ಕೆ ಗುಂಯ್ ಎನ್ನುತ್ತಿತ್ತು. ಅತ್ತೆ ಬಚ್ಚಲಿನಿಂದ ಮುಖ ತೊಳೆದುಕೊಂಡು ಬಂದರು. ಕನ್ನಡಕ ದೇವರ ಮನೆಯ ಕಿಟಕಿಯಲ್ಲೇ ಇತ್ತು. ಕಣ್ಣು ಮುಚ್ಚಿ ಸೆರಗಿನಿಂದ ಒರೆಸಿಕೊಳ್ಳುತ್ತಾ, ಎಲ್ಲಿಯೂ ತಡವರಿಸದೆ, ನಡುಮನೆಯನ್ನು ದಾಟಿ ಆ ಸದ್ದಿನ ಕಡೆಗೇ ನಡೆದರು. ಸದ್ದಿನ ಪಕ್ಕದಲ್ಲಿ ಕುರ್ಚಿ. ಕುರ್ಚಿಯಲ್ಲಿ, ನಾನು ಆ ಮನೆಗೆ ಬಂದಂದಿನಿಂದ ಪ್ರತಿ ಮಧ್ಯಾಹ್ನ ಕೂರುವಂತೆ, ಮಾವನವರು ಪೇಪರು ಹಿಡಿದು ಕಾಲು ಚಾಚಿ ಕೂತಿದ್ದರು. ಪೇಪರಿನಿಂದ ತಲೆ ಎತ್ತಲಿಲ್ಲ. ಚಾಚಿದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡರು. ಅತ್ತೆ ಕಾಲು ಸರಿದ ಆ ಜಾಗದಲ್ಲಿ ಕೂತರು.

ನಾನು ಕೇಳಲಿಲ್ಲ. ಸಂಜೆ ದೀಪ ಹಚ್ಚಿ, ಹಾಲು ಒಡೆಯಲಿಲ್ಲ, ನಳ ಬಂತು ಎಂದು ಯಾದಿ ಶುರು ಮಾಡಿದವಳು ಅಷ್ಟಕ್ಕೇ ನಿಲ್ಲಿಸಿ, ಗುಂಯ್ ಕೇಳುತ್ತಾ ಸುಮ್ಮನೆ ಕೂತೆ.